ನಮ್ಮ ತೊಟ್ಟಿಯ ಗಂಗೆಪೂಜೆ

ನೀರು ಆಕಾಶದಿಂದ ಬರುತ್ತದೆ ಎಂದು ನಮ್ಮ ಯಜಮಾನರನ್ನು ಒಪ್ಪಿಸಲು ನನಗೆ ಎರಡು ವರ್ಷ ಬೇಕಾಯಿತು. (ಅವರ ಪ್ರಕಾರ ನೀರು ಬರುವುದು ಬೋರಿನಿಂದ, ಬೋರಿಗೆ ಬರುವುದು ಕರೆಂಟಿನಿಂದ.) ಪಂಚಾಯ್ತಿಯವರು ನಡೆಸಿದ ಮಳೆನೀರಿನ ತರಬೇತಿಯಲ್ಲಿ ಮೂರು ದಿನವೂ ಕೊನೆಯವರೆಗೆ ಕುಳಿತು ಕೇಳಿದವಳು ನಾನೊಬ್ಬಳೇ. ಉಳಿದವರೆಲ್ಲ ಉಪ್ಪಿಟ್ಟಾದ ಕೂಡಲೇ ಅಂತರ್ಧಾನರಾಗುತ್ತಿದ್ದರು. ಹಾಗಾಗಿ ತಾರಸಿಗೆ ಬಿಳಿ ಸುಣ್ಣ, ಮೂಲೆಗೊಂದು ಪೈಪು, ಜಲ್ಲಿ ಮರಳು ಇದ್ದಿಲು ತುಂಬಿದ ಡ್ರಮ್ಮು, ಅಲ್ಲಿಂದ ಹೊಸ ತೊಟ್ಟಿಗೆ ನೀರು, ಹೀಗೆ ಸಮಸ್ತ ವಿದ್ಯೆಯೂ ನನಗೆ ಕರಗತವಾಗಿತ್ತು.

ತೊಟ್ಟಿ ಕಟ್ಟಿಸಿದ ಜಾಗದಲ್ಲಿ ಯಜಮಾನರಿಗೆ ಬೈಕ್ ನಿಲ್ಲಿಸಲು ಶೆಡ್ಡು ಬೇಕಿತ್ತು. ಆ ದುಃಖ ಅವರನ್ನು ಬಿಡಲಿಲ್ಲ.

"ನೋಡಮ್ಮಿ, ಪಂಚಾಯ್ತಿಯೋರು 'ಹಸಿರು ಮನೆ' ಅಂತ ಬೋರ್ಡ್ ಕೊಡ್ತರಂತಲ್ಲ? ನಿನ್ನ ನೀರ ಪರೀಕ್ಸ ಮಾಡಿ ಬೋರ್ಡ್ ಕೊಟ್ರ ತೊಟ್ಟಿ ಇರ್ಲಿ. ಕೊಡ್ನಿಲ್ಲಾಂದ್ರ ಮಾರ್ನೆ ದಿನವೇ ಒಡ್ಸಿ ಶೆಡ್ಡಾಕುಸ್ತೀನಿ."

"ಆಗ್ಲಿ ಕಣ್ರಿ" ಎಂದೆ. ಗೆಲುವು ಖಾತ್ರಿ ಇರುವವಳಿಗೆ ಭಯವೇಕೆ?

ಭರಣಿ ಮಳೆಗೆ ತೊಟ್ಟಿ ತುಂಬಿತು. ಬಗ್ಗಿ ನೋಡಿದರೆ ತಳದ ಸಿಮೆಂಟಿನ ಗೀರು ಸಹ ಕಾಣುವಷ್ಟು ತಿಳಿ. ಪಂಚಾಯ್ತಿಯ ಸಿಂಧು ಮೇಡಂ ಸೋಮವಾರ ಹನ್ನೊಂದು ಗಂಟೆಗೆ ಪರೀಕ್ಷೆಗೆ ಬರುತ್ತಾರೆಂದು ಫೋನು ಬಂತು.

ಸೋಮವಾರ! ಶಿವನ ವಾರ. ಶಿವನ ಜಟೆಯಿಂದ ಇಳಿದ ತಾಯಿ ನಮ್ಮ ಪೈಪಿನಲ್ಲಿ ಇಳಿದು ಬಂದಿದ್ದಾಳೆ. ಒಂದು ಪೂಜೆಯನ್ನೂ ಮಾಡದೆ ಪರಸ್ಥಳದವರ ಬಾಟಲಿಗೆ ತುಂಬಿಸುವುದೇ? ನನ್ನ ಮನಸ್ಸು ಒಪ್ಪಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಬೀದಿಯ ಐವರು ಮುತ್ತೈದೆಯರನ್ನು ಕರೆದೆ.

ನಾನು ಹಾಕಿದ್ದು ಒಂದೇ ಒಂದು ಚಿಟಿಕೆ ಅರಿಶಿನ, ಒಂದು ಚಿಟಿಕೆ ಕುಂಕುಮ. (ದೇವರಾಣೆ.) ಆದರೆ ಪಕ್ಕದ ಮನೆಯ ರತ್ನ, "ಏನಕ್ಕ, ಇಷ್ಟು ದೊಡ್ ತೊಟ್ಟಿಗ ಚಿಟಿಕೆಯಾ? ಗಂಗವ್ವ ಏನಂದ್ಕಂಡಾಳು?" ಎಂದು ಹಿಡಿ ತುಂಬ ಸುರಿದಳು. ಅವಳಿಗಿಂತ ಕಡಿಮೆ ಭಕ್ತಿ ತಮ್ಮದಲ್ಲವೆಂದು ಉಳಿದ ನಾಲ್ವರೂ ತೋರಿಸಿದರು. ವೀಳ್ಯದೆಲೆ, ಸೇವಂತಿಗೆ, ಬಾಳೆಹಣ್ಣು ತೇಲಿದವು. ಕೊನೆಗೆ ನಮ್ಮತ್ತೆ ಪುಟ್ಟಮಲ್ಲಮ್ಮನವರು ಒಂದು ಚೊಂಬು ಹಾಲು ಹುಯ್ದು, ಕಣ್ಣೊರೆಸಿಕೊಂಡು, "ನಮ್ಮ ಮನಗ ಹೊಳೆಯೇ ಬಂತು ಕನ ಮಗಾ" ಎಂದರು. ನಾನೂ ಕೈಮುಗಿದೆ. ಸುವರ್ಣಾವತಿ ಹೊಳೆಗೆ ಬಾಗಿನ ಬಿಡುವಾಗಲೂ ನಾವು ಹೀಗೇ ಅಲ್ಲವೇ ಮಾಡುವುದು?

ಹೊಳೆ ತನಗೆ ಕೊಟ್ಟದ್ದನ್ನೆಲ್ಲ ಮುಂದಿನ ಊರಿಗೆ ಒಯ್ಯುತ್ತದೆ, ತೊಟ್ಟಿ ಎಲ್ಲಿಗೂ ಒಯ್ಯುವುದಿಲ್ಲ ಎಂಬ ಸತ್ಯ ನನಗೆ ಹೊಳೆದದ್ದು ಹನ್ನೊಂದು ಗಂಟೆಗೆ, ಸಿಂಧು ಮೇಡಂ ಮುಚ್ಚಳ ತೆಗೆದಾಗ.

ಅವರು ಬಹಳ ಹೊತ್ತು ಒಳಗೆ ನೋಡಿದರು. ಬಾಟಲಿಯಲ್ಲಿ ನೀರು ಹಿಡಿದು ಬಿಸಿಲಿಗೆ ಎತ್ತಿದರು. ಥೇಟು ತೆಳು ಸಾಂಬಾರು. ಮೇಲೊಂದು ಸೇವಂತಿಗೆ ಎಸಳು.

"ಅಮ್ಮಾ, ಇದು ಮಳೆನೀರಾ?"

"ಹೂಂ ಮೇಡಂ. ಶುದ್ಧ ಮಳೆನೀರು, ಪೂಜೆ ಮಾತ್ರ ಆಗಿದೆ."

"ಇದನ್ನ ಪರೀಕ್ಷೆ ಮಾಡೋದೇ ಬೇಡಮ್ಮ. ಕುಡಿಯೋಕಾಗಲ್ಲ."

"ಯಾಕಾಗದಿಲ್ಲ ಮಗಾ?" ಎಂದರು ಅತ್ತೆ. "ನೆಗ್ಡಿ ಬಂದ್ರ ಅರಿಶಿನ, ಹಾಲು ಎರಡ್ನೂ ಬೆರ್ಸಿ ಕುಡಿಯಕ್ಕಿಲ್ವಾ?"

ಯಜಮಾನರು ಒಳಗೆ ಹೋಗಿ ಅಳತೆ ಟೇಪು ತಂದು, "ನಾಳೆಯೇ ಒಡ್ಸ್ತೀನಿ" ಎನ್ನುತ್ತ ತೊಟ್ಟಿಯ ಉದ್ದ ಅಳೆಯತೊಡಗಿದರು. ಮೂವತ್ತು ವರ್ಷದಲ್ಲಿ ಅವರ ಮುಖದಲ್ಲಿ ಅಂಥ ತೇಜಸ್ಸನ್ನು ನಾನು ಕಂಡಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. (ಅದೊಂದೇ ಆಗ ಮನೆಯಲ್ಲಿದ್ದ ಶುದ್ಧ ನೀರು.)

"ಒಡೀಬೇಡಿ ಸಾರ್!" ಎಂದರು ಸಿಂಧು ಮೇಡಂ. "ಅಮ್ಮನೋರು ಪೈಪು, ಡ್ರಮ್ಮು ಎಲ್ಲಾ ಸರಿಯಾಗಿ ಹಾಕ್ಸಿದ್ದಾರೆ. ಈ ನೀರನ್ನ ತೆಂಗಿನ ಮರಕ್ಕೆ ಬಿಟ್ಟು ತೊಟ್ಟಿ ತೊಳೀರಿ, ಮುಂದಿನ ಮಳೆಗೆ ಮತ್ತೆ ನೋಡೋಣ. ಅಲ್ಲೀವರ್ಗೂ ಏನು ಮಾಡಬಾರದು ಅಂತ ತೋರ್ಸೋಕೆ ನನಗೊಂದು ತೊಟ್ಟಿ ಬೇಕಿತ್ತು. ಇದಕ್ಕಿಂತ ಒಳ್ಳೇದು ತಾಲ್ಲೂಕಿನಲ್ಲಿ ಸಿಕ್ಕಲ್ಲ."

ಮೇಡಂ ಮಾತಿಗೆ ಯಜಮಾನರು ಟೇಪು ಸುತ್ತಿದರು, ಹೀಗೆ ನನ್ನ ತೊಟ್ಟಿ ಉಳಿಯಿತು. ಈಗ ವಾರಕ್ಕೊಮ್ಮೆ ಸುತ್ತಲ ಊರುಗಳ ಹೆಂಗಸರು ಆಟೋದಲ್ಲಿ ಬರುತ್ತಾರೆ. ನಾನು ಸೆರಗು ಸಿಕ್ಕಿಸಿಕೊಂಡು, ತೊಟ್ಟಿಯ ಪಕ್ಕ ನಿಂತು, ಅರಿಶಿನ ಹಾಕಿದರೆ ಏನಾಗುತ್ತದೆ, ಹಾಲು ಕೊಳೆತರೆ ಹೇಗೆ ನಾರುತ್ತದೆ ಎಂದು ಅಸ್ಖಲಿತವಾಗಿ ಬೋಧಿಸುತ್ತೇನೆ. ನನ್ನಷ್ಟು ಅನುಭವವುಳ್ಳವರು ಬೇರೆ ಯಾರಿದ್ದಾರೆ?

ಮೊನ್ನೆ ಮಾಂಬಳ್ಳಿಯ ಹೆಂಗಸೊಬ್ಬರು ಎಲ್ಲ ಕೇಳಿ ತಲೆದೂಗಿ, "ಎಷ್ಟ್ ಚೆಂದಾಗಿ ಹೇಳ್ಕೊಟ್ರಿ ಕಣವ್ವ! ಅದ್ಸರಿ, ಆ ತಲೆಕೆಟ್ಟ ಪೂಜ ಮಾಡ್ಸಿದ್ದು ಯಾರು?" ಎಂದರು.

ನಾನಿನ್ನೂ ಬಾಯಿ ತೆರೆದಿರಲಿಲ್ಲ. ಯಾವ ವಿಷಯದಲ್ಲೂ ಇದುವರೆಗೆ ಒಮ್ಮತಕ್ಕೆ ಬಾರದ ಅತ್ತೆ, ಯಜಮಾನರು ಇಬ್ಬರೂ ಜಗಲಿಯಿಂದ ಒಟ್ಟಿಗೇ ನನ್ನತ್ತ ಬೆರಳು ತೋರಿಸಿದರು.