ಮೂರು ಫಾರಂ, ಒಬ್ಬ ಸಾಕ್ಷಿ

ತಾಪತ್ರಯ ಶುರುವಾದದ್ದು ತಂಗಿಯ ಫೋನಿನಿಂದ. ಹೋದ ಸಲ ವಾರ್ಡಿನ ಚುನಾವಣೆಯಲ್ಲಿ ಅವಳಿಗೂ ಎದುರಾಳಿಗೂ ಸರಿಸಮ ಮತ ಬಿದ್ದು, ಚೀಟಿ ಎತ್ತಿದಾಗ ಸೋತಿದ್ದಳು. ಆಮೇಲೆ ಆ ಮನೆಯಲ್ಲಿ ಯಾರೂ ಮನಸಾರೆ ನಕ್ಕಿರಲಿಲ್ಲ.

"ಅಣ್ಣ, ಈ ಸಲಾನೂ ಅವನೇ ನಿಂತಿದಾನೆ. ಹೊರದೇಶದಲ್ಲಿರೋರೂ ಪಟ್ಟಿಗೆ ಹೆಸರು ಸೇರಿಸಿ ಅಂಚೇಲಿ ಓಟು ಹಾಕಬಹುದಂತೆ. ಇವತ್ತೇ ಕೊನೇ ದಿನ ಕಣೋ!"

ಪರದೇಶದ ಲಾಂಡ್ರಿಯಲ್ಲಿ ಹದಿನಾಲ್ಕು ವರ್ಷದಿಂದ ಇಸ್ತ್ರಿ ತಿಕ್ಕುತ್ತಿದ್ದ ಅಣ್ಣ ರಜೆ ಹಾಕಿ ರಾಯಭಾರ ಕಚೇರಿಗೆ ಓಡಿದ. ಕೆಟ್ಟುಹೋದರೆ ಇರಲಿ ಎಂದು ಐದು ಫಾರಂ ತಂದ. ಕೆಳಗೆ ಸಾಕ್ಷಿಯ ಸಹಿ ಬೇಕಿತ್ತು. ಲಾಂಡ್ರಿಯ ಯಜಮಾನಿ "ಅದಕ್ಕೇನಂತೆ" ಎಂದು ಪೆನ್ನು ಕಿತ್ತುಕೊಂಡು ಸಹಿ ಜಡಿದಳು.

ಕಚೇರಿಯ ಗುಮಾಸ್ತ ಅದನ್ನು ಕನ್ನಡಕದ ಮೇಲಿಂದ ನೋಡಿದ. "ಸಾಕ್ಷಿಗೆ ನಮ್ಮ ದೇಶದ ಪಾಸ್‌ಪೋರ್ಟ್ ಇರ್ಬೇಕು ಸ್ವಾಮಿ."

ಏದುಸಿರು ಬಿಡುತ್ತಾ ಹೋಗಿ ಭಾಮೈದನ ಸಹಿ ಹಾಕಿಸಿ ತಂದ.

"ನೆಂಟರು ನಡೆಯಲ್ಲ."

"ಮೊದಲೇ ಹೇಳೋದಲ್ವಾ?"

"ನೀವು ಕೇಳ್ಲಿಲ್ಲ."

ಆ ಊರಲ್ಲಿ ಸಾಕ್ಷಿಗೆ ಆಗುವ ಗುರುತಿನವನು ಇನ್ನು ಉಳಿದದ್ದು ಒಬ್ಬನೇ, ಕ್ಷೌರದಂಗಡಿಯವನು. ಅವನೂ ಅಣ್ಣನ ವಾರ್ಡಿನವನೇ. ಒಂಬತ್ತು ವರ್ಷದ ಹಿಂದೆ ಗಿರಾಕಿಗಳೆದುರು "ನಿನ್ನ ಕೈ ನಡುಗುತ್ತೆ" ಎಂದು ಇವನು ಅಂದುಬಿಟ್ಟಿದ್ದ. ಅಲ್ಲಿಂದ ಮಾತಿಲ್ಲ, ಕತೆಯಿಲ್ಲ.

"ತಪ್ಪಾಯ್ತು ಮಾರಾಯ. ಒಂದು ಸಹಿ ಹಾಕು," ಎಂದ ಇವನು. 

"ಮೊದಲು ತಲೆ ಕೊಡು. ಕೈ ನಡುಗುತ್ತೋ ಇಲ್ವೋ ನೋಡೇಬಿಡೋಣ."

ಕತ್ತರಿ ಆಡಿತು. ಮುಗಿದಾಗ ತಲೆಯ ಎಡಭಾಗ ಮೇಕೆ ಮೇಯ್ದ ಬೇಲಿಯಂತಿತ್ತು.

"ಹೇಗಿದೆ?"

"ಭೇಷಾಗಿದೆ," ಎಂದ ಇವನು ಅಳು ನುಂಗಿಕೊಂಡು.

ಕ್ಷೌರಿಕ ಖುಷಿಯಿಂದ ಸಹಿ ಹಾಕಿದ. ಆಮೇಲೆ ಫಾರಮ್ಮನ್ನು ತಿರುಗಿಸಿ ಓದಿದ. "ಅಂದ್ರೆ ನಾವೂ ಓಟು ಹಾಕಬಹುದಾ! ನಂಗೂ ನನ್ನ ಹೆಂಡ್ತಿಗೂ ನೀನೇ ಸಾಕ್ಷಿ ಹಾಕಪ್ಪ."

ಋಣ ತೀರಿಸುವ ಉತ್ಸಾಹದಲ್ಲಿ ಇವನು ಉಳಿದೆರಡು ಫಾರಮ್ಮಿಗೂ ದುಂಡಗೆ ಸಹಿ ಹಾಕಿ, ಮೂರನ್ನೂ ತಾನೇ ಹೊತ್ತೊಯ್ದು, ಕಿಟಕಿ ಮುಚ್ಚಲು ಐದು ನಿಮಿಷವಿರುವಾಗ ಕೊಟ್ಟುಬಂದ.

ತಿಂಗಳ ನಂತರ ತಂಗಿಯ ಫೋನು ಬಂತು. ಅಳುತ್ತಿದ್ದಳು.

"ಒಂದೇ ಓಟಲ್ಲಿ ಸೋತೆ ಕಣೋ ಅಣ್ಣ. ಹೊರದೇಶದಿಂದ ಬಂದಿದ್ದು ಮೂರೇ ಅಂತೆ. ಒಂದು ನಿಂದು. ಉಳಿದೆರಡು ಆ ಗೆದ್ದವನ ಅಕ್ಕ-ಭಾವಂದು. ಆ ಭಾವ ಅಲ್ಲೇ ಎಲ್ಲೋ ಕ್ಷೌರದಂಗಡಿ ಇಟ್ಟಿದಾನಂತೆ. ಅವರಿಗೆ ಸಾಕ್ಷಿ ಹಾಕಿದ ಪಾಪಿ ಯಾರೋ, ಅವನ ಕೈ ಸೇದಿಹೋಗ!"

ಅಣ್ಣ ಫೋನನ್ನು ಎಡಗೈಗೆ ಬದಲಿಸಿಕೊಂಡ. ಬಲಗೈ ನಡುಗುತ್ತಿತ್ತು.