ನಟ್ಟು ಬಿಚ್ಚುವ ಪೆಟ್ಟಿಗೆ

ಬೀರೂರು ದಾಟಿ ಸ್ವಲ್ಪ ದೂರ ಬಂದಿದ್ದನೋ ಇಲ್ಲವೋ, ಕಾಂತರಾಜುವಿನ ಲಾರಿಯ ಹಿಂದಿನ ಚಕ್ರ ಉಸ್ಸೆಂದು ಕೂತುಬಿಟ್ಟಿತು. ಕೂರುವುದಕ್ಕೆ ಅದಕ್ಕೆ ಬೇರೆ ದಿನವೇ ಸಿಗಲಿಲ್ಲ. ಅಜ್ಜಂಪುರದಲ್ಲಿ ಅವನ ಬಾಮೈದನ ಬೀಗರೂಟ. ಕಡೂರಿನಿಂದ ಬಾಡಿಗೆಗೆ ತಂದ ಹಂಡೆ, ಕೊಪ್ಪರಿಗೆ, ತಪ್ಪಲೆಗಳೆಲ್ಲ ಈ ಲಾರಿಯಲ್ಲಿದ್ದವು. ದಾರಿಯುದ್ದಕ್ಕೂ ಅವುಗಳ ಗಲಗಲ ಕೇಳಿ ಅವನ ಕಿವಿ ಕಿವುಡಾಗುವುದೊಂದು ಬಾಕಿ. ಈ ಅಳಿಯನಿಂದ ಒಂದು ಕೆಲಸವೂ ನೆಟ್ಟಗಾಗದು ಎಂದು ಅತ್ತೆ ಹಾಲಮ್ಮ ಊರಿಗೆಲ್ಲ ಸಾರಿಕೊಂಡು ಬಂದವರು. ಇವತ್ತಾದರೂ ಅವರ ಬಾಯಿಂದ ಒಂದು ಒಳ್ಳೆಯ ಮಾತು ಬೀಳಲಿ ಎಂಬುದೇ ಅವನ ಆಸೆ.

ಅವನು ಹೆದರಲಿಲ್ಲ. ಹೊಸದಾಗಿ ಕೊಂಡ ಟಾರ್ಕ್ ಮಲ್ಟಿಪ್ಲೈಯರ್ ಪೆಟ್ಟಿಗೆಯಲ್ಲಿತ್ತು. ಅದನ್ನು ನಟ್ಟಿಗೆ ಸಿಕ್ಕಿಸಿ ಹಿಡಿ ತಿರುಗಿಸಿದರೆ ಸಾಕು, ನಾಲ್ಕು ಜನ ಪೈಪು ಹಾಕಿ ಜಗ್ಗಿದರೂ ಅಲುಗದ ನಟ್ಟು ತಾನಾಗಿ ಸಡಿಲವಾಗುತ್ತದೆ. ಅಷ್ಟರಲ್ಲಿ ಅತ್ತೆಯ ಫೋನು.

"ಈ ಪೆಟ್ಗೆ ಒಂದಿದ್ರೆ ಯಾವ ಕೆಲ್ಸಾನೂ ನಿಲ್ಲಲ್ಲ ಕಣತ್ತೆ, ಈಗ ಬಂದ್ಬಿಟ್ಟೆ" ಎಂದ.

ರಸ್ತೆ ಪಕ್ಕದ ಹೊಲದಿಂದ ಎದ್ದುಬಂದ ಗಿಡ್ಡಪ್ಪನಿಗೆ ಜಗತ್ತಿನ ಎಲ್ಲ ಲಾರಿಗಳ ವಿಷಯವೂ ಗೊತ್ತು. "ಲೇ ತಮ್ಮ, ಮೊದ್ಲು ಲೋಡ್ ಇಳ್ಸು. ಹಂಗೇ ಜಾಕ್ ಹಾಕಿದ್ರೆ ಲಾರಿ ಮಗುಚ್ಕತದೆ" ಎಂದ. ಖಾಲಿ ಪಾತ್ರೆಗೆಂಥ ಭಾರ ಎಂದು ಕಾಂತರಾಜು ಬೇಡವೆನ್ನುತ್ತಿದ್ದಂತೆಯೇ ಅಕ್ಕಪಕ್ಕದವರು ಬಂದು ಎಲ್ಲವನ್ನೂ ಇಳಿಸಿಯಾಗಿತ್ತು. ರಸ್ತೆಯಲ್ಲಿಟ್ಟರೆ ಯಾರಾದರೂ ಹೊತ್ತೊಯ್ದಾರು ಎಂದು ಎದುರುಮನೆಯ ಮುದುಕಿ ಭಾಗಮ್ಮ ಅವನ್ನು ತನ್ನ ಹಿತ್ತಲ ಕೊಟ್ಟಿಗೆಗೆ ಸಾಗಿಸಿದಳು.

ಅಂಗೈಯಗಲದ ಆ ಸಾಮಾನು ಲಾರಿಯ ನಟ್ಟು ಬಿಚ್ಚುತ್ತದೆಂದರೆ ಯಾರೂ ನಂಬಲಿಲ್ಲ. ಕಾಂತರಾಜು ಹಟಕ್ಕೆ ಬಿದ್ದು ಹಿಡಿಯನ್ನು ಭಾಗಮ್ಮನ ಕೈಗೇ ಕೊಟ್ಟ. ಅವಳು ರಾಗಿಕಲ್ಲು ಬೀಸುವಂತೆ ತಿರುವಿದಳು, ನಟ್ಟು ಸಡಿಲವಾಯಿತು. ಅಲ್ಲಿಗೆ ಗಂಡಸರ ಮೀಸೆ ಮಣ್ಣಾಯಿತು. ಮುದುಕಿಯ ಕೈಲಾದದ್ದು ನಮ್ಮ ಕೈಲಾಗದೇ ಎಂದು ಸರದಿ ನಿಂತರು. ಕಾಂತರಾಜು ಸ್ಟೆಪ್ನಿ ಇಳಿಸಿಕೊಂಡು ಬರುವಷ್ಟರಲ್ಲಿ ಪಂಚರಾದ ಚಕ್ರದ ನಟ್ಟುಗಳು ಮುಗಿದು, ಆಸೆ ತೀರದವರು ಆಚೆ ಮಗ್ಗುಲಿನ ಚಕ್ರಕ್ಕೂ ಕೈ ಹಾಕಿದ್ದರು.

"ಅದು ಚೆನ್ನಾಗಿತ್ತಲ್ರಪ್ಪಾ" ಎಂದು ಅವನು ತಲೆ ಚಚ್ಚಿಕೊಂಡ.

"ಇರ್ಲಿ ಬಿಡು, ಕಲ್ತಂಗಾಯ್ತು" ಎಂದ ಗಿಡ್ಡಪ್ಪ.

ಹೊಸ ಚಕ್ರ ಕೂರಿಸಿ, ಬಿಚ್ಚಿದ್ದನ್ನೆಲ್ಲ ಮತ್ತೆ ಬಿಗಿಯುವ ಹೊತ್ತಿಗೆ ಅವನ ಅಂಗಿ ಬೆವರಲ್ಲಿ ತೊಯ್ದಿತ್ತು. ಮೇಲಿಂದ ಮೇಲೆ ಅತ್ತೆಯ ಫೋನು. ಯಾರೋ ಪೆಟ್ಟಿಗೆಯನ್ನು ಲಾರಿಯ ಹಿಂಬದಿಯೊಳಕ್ಕೆ ತಳ್ಳಿ ಹಲಗೆ ಮುಚ್ಚಿದರು. ಅವನು ಹತ್ತಿ ಕೂತವನೇ ಹೊರಟುಬಿಟ್ಟ.

ಲಾರಿ ಹೂವಿನಂತೆ ಓಡಿತು. ಹಳ್ಳದ ಮೇಲೆ ಹಾರಿದರೂ ಒಂದು ಸದ್ದಿಲ್ಲ. ಚಕ್ರ ಕೂರಿಸಿದರೆ ಹೀಗೆ ಕೂರಿಸಬೇಕು ಎಂದು ತನ್ನ ಕೈಗುಣವನ್ನು ತಾನೇ ಮೆಚ್ಚಿಕೊಂಡ.

ಅಜ್ಜಂಪುರದಲ್ಲಿ ಒಲೆ ಧಗಧಗ ಉರಿಯುತ್ತಿತ್ತು, ಅಕ್ಕಿ ತೊಳೆದಿಟ್ಟಿತ್ತು, ಬೀಗರು ಬಂದು ಕೂತಿದ್ದರು. ಲಾರಿ ಕಂಡದ್ದೇ ಹಾಲಮ್ಮನ ಮುಖ ಅರಳಿತು.

"ನಮ್ಮಳಿಯ ಕಣ್ರೀ. ಹೇಳಿದ್ ಮಾತಿಗೆ ತಪ್ಪೋರಲ್ಲ" ಎಂದು ಬೀಗರ ಮುಂದೆಯೇ ಅಂದರು.

ಕಾಂತರಾಜುವಿಗೆ ಕಣ್ಣು ತುಂಬಿ ಬಂತು. ಎದೆ ಉಬ್ಬಿಸಿಕೊಂಡು ಹೋಗಿ ಹಿಂದಿನ ಹಲಗೆ ಬಿಚ್ಚಿದ. ಒಳಗೆ ಒಂದು ಮೂಲೆಯಲ್ಲಿ ಆ ಪೆಟ್ಟಿಗೆ ಮಾತ್ರ ಕೂತಿತ್ತು.

ಹಾಲಮ್ಮ ಪೆಟ್ಟಿಗೆಯನ್ನು ನೋಡಿದರು, ಅಳಿಯನನ್ನು ನೋಡಿದರು. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದರು:

"ಇದೊಂದಿದ್ರೆ ಯಾವ ಕೆಲ್ಸಾನೂ ನಿಲ್ಲಲ್ಲ ಅಂದ್ರಲ್ಲ ಅಳಿಯಂದ್ರೇ, ಇದ್ರಲ್ಲೇ ಅನ್ನಕ್ಕಿಡ್ಲಾ?"