ಮೈ ಬೆವರದ ಭಂಗಿ ಗಿಡ

ಒಕ್ಕಲುತನದ ಮನೆಯಲ್ಲಿ ಹುಟ್ಟಿಯೂ ನನಗೆ ಒಂದು ಗಿಡ ನೆಟ್ಟಗೆ ಬೆಳೆಸಲು ಬರುವುದಿಲ್ಲ ಎಂಬುದನ್ನು ಇಲ್ಲಿಯವರೆಗೆ ಗುಟ್ಟಾಗಿಟ್ಟಿದ್ದೆ. ಗೋಕಾಕದ ಶಾಲೆಯಲ್ಲಿ ಮಾಸ್ತರನಾದವನು ಬೇರು, ಕಾಂಡ, ಎಲೆಗಳ ಪಾಠ ಹೇಳಿದರೆ ಸಾಕು, ಬೆಳೆಸಿ ತೋರಿಸು ಎಂದು ಯಾರೂ ಕೇಳುವುದಿಲ್ಲ. ಕೇಳಿದವರು ಸಂಕೇಶ್ವರದ ನಮ್ಮ ಮಾವನವರೊಬ್ಬರೇ.

ಮಾವನವರು ದನಗಳ ವೈದ್ಯರು. ಎತ್ತಿನ ಹೊಟ್ಟೆಯುಬ್ಬರದ ಮದ್ದಿಗೆಂದು ಸರಕಾರದ ಪರವಾನಗಿ ಪಡೆದು ಹಿತ್ತಲಲ್ಲಿ ನಾಲ್ಕು ಭಂಗಿ ಗಿಡ ಇಟ್ಟಿದ್ದರು. ಅದರ ತೆನೆಯ ಮೇಲೆ ಕಂಡೂ ಕಾಣದಂಥ ಅಂಟಿನ ಹನಿಗಳು, ಮದ್ದಿನ ಗುಣವೆಲ್ಲ ಅದರಲ್ಲೇ. ಚಿವುಟಿದರೆ ಎರಡು ಬೆರಳು ಬಿಡಿಸಿಕೊಳ್ಳಲು ಜಗ್ಗಾಡಬೇಕು. ಅವರ ಅಜ್ಜನಿಂದ ಬಂದ ತಳಿ. ನನಗೂ ಪರವಾನಗಿ ಕೊಡಿಸಿ, ನಾಲ್ಕು ಕಾಳು ಕೊಟ್ಟಿದ್ದರು. ಆ ಮಳೆಗಾಲ ಹಿರಣ್ಯಕೇಶಿ ಹೊಳೆ ಅವರ ಹಿತ್ತಲಿಗೇ ನುಗ್ಗಿ ಗಿಡಗಳನ್ನೂ ಬೀಜದ ಗಡಿಗೆಯನ್ನೂ ಒಯ್ದಿತು. ಆ ತಳಿಯಲ್ಲಿ ಉಳಿದದ್ದು ನನ್ನ ಅಂಗಳದಲ್ಲಿ ಮೊಳೆತ ಜೋಡಿ ಮಾತ್ರ, ಒಂದು ಗಂಡು, ಒಂದು ಹೆಣ್ಣು. ನೋಡಲು ಬರುತ್ತೇನೆಂದು ಮಾವನವರ ಕಾಗದ ಬಂತು.

ನಾನೋ ಅವನ್ನು ಗೋಡೆಯ ನೆರಳಿನಲ್ಲಿಟ್ಟು, ಹೊತ್ತಿಗೆರಡು ಕೊಡ ನೀರು, ಬುಟ್ಟಿಗಟ್ಟಲೆ ಗೊಬ್ಬರ ಹಾಕಿ ಸಾಕಿದ್ದೆ. ನನಗಿಂತ ಎತ್ತರ ಬೆಳೆದವು. ಆದರೆ ತೆನೆ ಚಿವುಟಿದರೆ ಕೊತ್ತಂಬರಿ ಚಿವುಟಿದಂತೆ, ಅಂಟಿನ ಸುಳಿವೇ ಇಲ್ಲ. ಮೂರು ತಲೆಮಾರಿನ ಗುಣ ನನ್ನ ಕೈಯಲ್ಲಿ ಸತ್ತಿತೆಂದುಕೊಂಡೆ. ಬೇರೆ ದಾರಿ ಕಾಣದೆ, ಮೂಡಲಗಿಯಿಂದ ಬಂದಿದ್ದ ಜೋನಿಬೆಲ್ಲವನ್ನು ಬೆರಳಿನಿಂದ ತೆನೆಗಳಿಗೆ ತೆಳ್ಳಗೆ ಸವರಿದೆ. ವಿದ್ಯಾವಂತನ ಬುದ್ಧಿ ನೋಡಿ.

ಮಾವನವರು ಬಂದವರೇ ತೆನೆ ಚಿವುಟಿದರು. ಬೆರಳೇನೋ ಅಂಟಿತು. ಆದರೆ ಮೊಣಕೈತನಕ ಇರುವೆಗಳ ಸಾಲು ಹತ್ತಿತು.

"ಅಳಿಯಂದ್ರ, ಭಂಗಿಗೆ ಇರವಿ ಮುತ್ತಿದ್ದು ನಾ ಎಂದೂ ಕಂಡಿಲ್ರಿ," ಎಂದರು.

ಎಲ್ಲವನ್ನೂ ಒಪ್ಪಿಕೊಂಡೆ. ಅವರು ಬೈಯಲಿಲ್ಲ, ತೆನೆ ಉಜ್ಜಿ ಕಾಳು ಉದುರಿಸಿಕೊಂಡರು.

"ಅಂಜಬ್ಯಾಡ್ರಿ. ಗುಣ ಬೀಜದಾಗ ಹಂಗ ಐತಿ. ಬಿಸಲು ಬಡದು, ನೀರಡಿಕಿ ತಡಕೊಂಡ್ರ ತಾನ ಹೊರಗ ಬರ್ತೈತಿ. ನೀವು ಮೈ ಬೆವರದಂಗ ಸಾಕೀರಿ, ಅಷ್ಟ."

ಕಾಳುಗಳನ್ನು ಧೋತರದ ಸೆರಗಿಗೆ ಕಟ್ಟಿಕೊಂಡಾಗ ನನಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಚಹಾ ತಂದ ತಮ್ಮ ಮಗಳನ್ನು, ಅಂದರೆ ನನ್ನ ಹೆಂಡತಿಯನ್ನು, ಮಾವನವರು ಕೇಳಿದರು: "ಅಲ್ಲವ್ವಾ, ಇದ ಮನ್ಯಾಗ ನೀ ಹೆಂಗ ಕೆಡದಂಗ ಉಳದಿ?"

"ಇವರು ನನಗ ಅಷ್ಟೊಂದು ನೀರು ಹಾಕಿಲ್ಲಪ್ಪಾ."

ಮದುವೆಯಾಗಿ ಎಂಟು ವರ್ಷಕ್ಕೆ ನನಗೆ ನಾಚಿಕೆಯಾಯಿತು. "ನಿನಗ ಏನರ ಬೇಕೇನ?" ಎಂದು ಅಕ್ಕರೆಯಿಂದಲೇ ಕೇಳಿದೆ.

ಅವಳು ಒಂದು ಹೆಜ್ಜೆ ಹಿಂದೆ ಸರಿದು, "ಏನೂ ಬ್ಯಾಡ್ರಿ, ನಾ ಚಲೋ ಅದೀನಿ," ಎಂದಳು.